ಅವ್ವ ಒಪ್ಪಿದಳು, ಚಾ ಕುಡೀರಿ

ಕೊರಳಿನ ಕಾರ್ಡು ಕಿತ್ತುಕೊಂಡು ರುದ್ರೇಶನನ್ನು ನಿನ್ನೆ ಊಟದ ಹೊತ್ತಿನಲ್ಲಿ ಗೇಟಿನಾಚೆ ಬಿಟ್ಟರು. ಅವನ ಕುರ್ಚಿ ಇನ್ನೂ ಪಕ್ಕದ ಮೇಜಿನ ಸೌಮ್ಯಾಳ ಕಡೆಗೇ ಅರ್ಧ ತಿರುಗಿ ನಿಂತಿದೆ, ಮೇಜಿನ ಮೇಲೆ ಅವನ ಅವ್ವನ ಫೋನು — ಗಾಜು ಮೂಲೆಯಿಂದ ಮೂಲೆಗೆ ಸೀಳಿದೆ, ಚಾರ್ಜಿಗೆ ಹಾಕಿದ್ದು ಹಾಕಿದ ಹಾಗೇ ಇದೆ — ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಶರಣಮ್ಮನದು, ತಾಯಿಗೆ ಹೊಸದು ಕೊಡಿಸಿ ಹಳೆಯದನ್ನು ಇಲ್ಲಿಗೆ ತಂದಿದ್ದ, ನಮ್ಮ ಹಾಜರಿ ಆ್ಯಪ್ ಒತ್ತೋರ ಕೈಲಿ ಇಂಥವೇ ಇರೋದು ಕಣ್ರೀ, ಮೊದ್ಲು ಇದ್ರಲ್ಲಿ ಓಡ್ಲಿ, ಎಂದು ಆ್ಯಪು ಕಟ್ಟುವ ಬಿಲ್ಡಿನ ದಾರಿಗೇ ಅದನ್ನು ಕಟ್ಟಿಹಾಕಿದ, ಅಂದಿನಿಂದ ಯಾರು ಕೋಡು ಸೇರಿಸಿದರೂ ಆ್ಯಪು ತಾನಾಗಿ ತಯಾರಾಗಿ ಈ ಫೋನಿಗಿಳಿಯುತ್ತದೆ, ಸಿಗ್ನಲ್ ಕಡಿದುಕೊಂಡು ಹಾಜರಿ ಒತ್ತಿ ನೋಡುತ್ತದೆ, ಹಾಜರಿ ಉಳಿದರೆ ಹಸಿರು, ಕಳೆದರೆ ಕೆಂಪು, ಹಸಿರಾದರೆ ಎಲ್ಲರ ಪರದೆಯ ಮೇಲೂ ಅವನು ಬರೆದಿಟ್ಟ ಸಾಲು, ಅವ್ವ ಒಪ್ಪಿದಳು, ಚಾ ಕುಡೀರಿ, ಸಾಲಿನ ಬೆನ್ನಿಗೇ ಅವನು, ಏಳ್ರೀ ಸೌಮ್ಯಾ, ಅವ್ವನ ಮಾತು ಮೀರಬಾರ್ದು — ಕುಂದಲಹಳ್ಳಿ ಗೇಟಿನ ಚಾ, ಟ್ಯಾಂಕರ್ ಧೂಳೆಬ್ಬಿಸಿ ಹೋದಾಗ ಅವಳ ಲೋಟದ ಮೇಲೆ ಅವನ ಅಂಗೈ, ಅದಕ್ಕೆ ಏನು ಹೆಸರೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ, ಅವಳ ಬಳಿ ಇದ್ದದ್ದು ಅವನಿಗೆ ಕಂಪನಿ ಕೊಟ್ಟ ನಂಬರು, ಅದನ್ನೂ ಕಿತ್ತುಕೊಂಡಿದ್ದಾರೆ, ಮನೆ ಪೀಣ್ಯದಲ್ಲಿ ಎಂದಷ್ಟೇ ಗೊತ್ತು, ಪೀಣ್ಯ ಎಂದರೆ ಯಾವ ಬೀದಿ, ಯಾರನ್ನು ಕೇಳುವುದು.

ವಾರವಿಡೀ ಕೆಂಪು, ಸಿಗ್ನಲ್ ಹೋದರೆ ಹಾಜರಿ ಅಳಿಸಿಹೋಗುತ್ತಿದೆ, ಅವನು ಮೀಟಿಂಗಿನಲ್ಲಿ ಎದ್ದು ಹೇಳಿದ್ದು ಅಷ್ಟೇ, ಅವ್ವ ಮೆಷಿನ್ ಮುಂದೆ ಕೂತಿರ್ತಾಳೆ ಸಾರ್, ನಮ್ಮ ಆ್ಯಪು ಅವಳು ಬಂದೇ ಇಲ್ಲ ಅನ್ನುತ್ತೆ, ಇದನ್ನ ಹೊರಗೆ ಬಿಡೋಕೆ ನಾನು ಬಿಡಲ್ಲ — ಅಷ್ಟಕ್ಕೇ ಗೇಟು. ಬೆಳಗಿನಿಂದ ಅವಳು ಏನನ್ನೂ ಬದಲಿಸದೆ ಸುಮ್ಮನೆ ಬಿಲ್ಡು ಓಡಿಸುತ್ತಿದ್ದಾಳೆ, ಅವನ ಆ ಸಾಲು ಬಂದೀತೇನೋ ಎಂದು, ಪ್ರತಿಸಲ ಸೀಳಿದ ಗಾಜು ಬೆಳಗುತ್ತದೆ, ಪ್ರತಿಸಲ ಕೆಂಪು, ಈಗ ಬೆನ್ನ ಹಿಂದೆ ಮ್ಯಾನೇಜರ್ ಶ್ರೀಕರ್, ಆ ಅಜ್ಜಿ ಫೋನಿನ ಟೆಸ್ಟ್ ಕಿತ್ತಾಕಿ ಮೇಡಂ, ಗ್ರೀನ್ ಆಗ್ಲಿ, ಕ್ಲೈಂಟ್ ಕಾಯ್ತಿದಾನೆ, ನಿಮಗೂ ಒಂದು ಚಾ ಸಿಗುತ್ತೆ. ನಗುತ್ತಾನೆ. ಕೋಡಿನಲ್ಲಿ ಒಂದು ಸಾಲು ಅಳಿಸಿದರೆ ಸಾಕು, ಹಸಿರಾಗುತ್ತದೆ, ಅವನ ಸಾಲು ಬಂದೇ ಬರುತ್ತದೆ, ಅವನದೇ ಮಾತು, ಅವನದೇ ಚಾ, ಬೆರಳು ಕೀಲಿಯ ಮೇಲಿದೆ, ಎಷ್ಟು ಬೇಕಾಗಿದೆ ಅವಳಿಗೆ ಅದು, ಒಮ್ಮೆ, ಒಂದೇ ಒಮ್ಮೆ — ಸಾಲು ಬರುತ್ತದೆ, ಬೆನ್ನಿಗೆ ಅವನು ಬರುವುದಿಲ್ಲ, ಶರಣಮ್ಮ ಬೆವರು ಸುರಿಸಿ ಹೊಲಿದ ದಿನ ಇಲ್ಲವಾಗುತ್ತದೆ, ಅದಕ್ಕೆ ಅವ್ವ ಒಪ್ಪಿದಳು ಎಂದು ಅವನ ಬಾಯಲ್ಲೇ ಹೇಳಿಸುವುದು.

ಕೀಳಲ್ಲ ಸಾರ್.

ಏನಂದ್ರಿ?

ಅವ್ವ ಒಪ್ಪಿಲ್ಲ.

ಮೇಜಿನ ಮೇಲೆ ಸೀಳಿದ ಗಾಜು, ಸೀಳಿನುದ್ದಕ್ಕೂ ಕೆಂಪು, ಸೀಳಿದ ಗಾಜು —