ತಮ್ಮನ ಕಿಡ್ನಿ, ಅಕ್ಕನ ಕಣ್ಣು

ಶನಿವಾರ ಬೆಳಗ್ಗೆ ಮಾಂಗೆರೆಯಲ್ಲಿ ನೆಲೆಸಿದ ಟೊಂಗಾ ದ್ವೀಪದವರ ಚರ್ಚಿನ ಸಭಾಂಗಣದಲ್ಲಿ ಹನ್ನೊಂದು ಹೆಂಗಸರು ಉದ್ದನೆಯ ಮೇಜಿನ ಎರಡೂ ಕಡೆ ಕೂತು ನಾರುಮಡಿಗೆ ಬಣ್ಣ ಹಾಕುತ್ತಿದ್ದರು. ಮರದ ತೊಗಟೆ ಬಡಿದು ಮಾಡಿದ ಮದುವೆಯ ನಾರುಮಡಿ ಅದು. ಮದುಮಗಳು ಕೆಲೆಪಿಯ ಮಗಳು. ಫುಸಿ ಕೆಲೆಪಿಯ ಅಕ್ಕ, ಅಂದಮೇಲೆ ಮದುಮಗಳಿಗೆ ಸೋದರತ್ತೆ. ಟೊಂಗಾದವರ ಮನೆಗಳಲ್ಲಿ ಸೋದರತ್ತೆಗಿಂತ ದೊಡ್ಡವರು ಯಾರೂ ಇಲ್ಲ. ಹಾಗಾಗಿ ಅಂಚಿನ ಕಪ್ಪು ಗೆರೆ ಅವಳ ಕೈಯಿಂದಲೇ ಆಗಬೇಕು.

ಒಣಗಿದ ಕೇದಗೆ ಹಣ್ಣಿನ ತೊಳೆಯ ಕುಂಚ ಹಿಡಿದು ಫುಸಿ ಬಗ್ಗಿದಳು. ಕಿಟಕಿಯ ಬಿಸಿಲು, ಮೇಲಿನ ಟ್ಯೂಬ್‌ಲೈಟು ಎರಡೂ ಸೇರಿ ಬಟ್ಟೆಯ ತುಂಬ ಹಾಲು ಚೆಲ್ಲಿದ ಹಾಗಿತ್ತು. ಆ ದೀಪವನ್ನಾದರೂ ಆರಿಸಿ ಎಂದು ಕೇಳಿದಳು.

"ಸುಕ್ಕು ಕಾಣ್ಬಾರ್ದು ಅಂತಾನಾ ಫುಸಿ?" ಎಂದಳು ಎದುರಿಗಿದ್ದ ಮುದುಕಿ ಹೆಲೆನೆ. "ನಾವೇನು ನಿನ್ನ ನೋಡೋಕೆ ಬಂದ ಗಂಡಿನ ಕಡೆಯೋರಲ್ಲ ಕಣೇ."

ಎಲ್ಲರೂ ನಕ್ಕರು. ಫುಸಿಯೂ ನಕ್ಕಳು. ಪಕ್ಕದಲ್ಲಿದ್ದ ವಿಕಾ ಮಾತ್ರ ನಗಲಿಲ್ಲ. ವಿಕಾ ಕೆಲೆಪಿಯ ಹೆಂಡತಿ. ಅತ್ತಿಗೆ ಎಳೆದ ಗೆರೆ ಅಚ್ಚಿನ ಗುರುತು ಬಿಟ್ಟು ಬೆರಳಗಲ ಆಚೆ ಹೋದದ್ದನ್ನು ಅವಳು ನೋಡಿದ್ದಳು. ಯಾರಿಗೂ ತಿಳಿಯದ ಹಾಗೆ ಕಂದು ಬಣ್ಣ ಬಳಿದು ಅದನ್ನು ಮುಚ್ಚುತ್ತಿದ್ದಳು.

ಮನೆಗೆ ಹೋಗುವಾಗ ಕಾರಿನಲ್ಲಿ ವಿಕಾ ಬಾಯಿ ಬಿಟ್ಟಳು. ಆಸ್ಪತ್ರೆಯವರು ವರ್ಷ ವರ್ಷವೂ ಕಣ್ಣಿನ ಪರೀಕ್ಷೆಗೆ ಚೀಟಿ ಕೊಡುತ್ತಾರಲ್ಲ, ಅವೆಲ್ಲ ಎಲ್ಲಿ ಹೋದವು ಎಂದು ಕೇಳಿದಳು. ಫುಸಿ ಕಿಟಕಿಯ ಕಡೆ ತಿರುಗಿದಳು.

"ನಿನ್ ಗಂಡ ಹೊಟ್ಟೆ ಕೊಯ್ಸಿಕೊಂಡು ಕಿಡ್ನಿ ಕೊಟ್ಟ ವಿಕಾ. ಏಳು ವರ್ಷದಿಂದ ಬದುಕಿದೀನಿ. ಈಗ ಕಣ್ಣು ಸರಿಯಿಲ್ಲ, ಕಾಲು ಸರಿಯಿಲ್ಲ ಅಂತ ಹೇಗೆ ಹೇಳ್ಲಿ? ದಾನ ಬಂದ ಹಂದಿಯ ಹಲ್ಲು ಎಣಿಸಿದ ಹಾಗಾಗಲ್ವಾ?"

"ಎಣಿಸ್ಬೇಡಿ ಅತ್ತಿಗೆ. ಹಂದಿಗೆ ಹಲ್ಲುನೋವು ಬಂದ್ರೆ ಹೇಳಿ ಅಷ್ಟೇ."

ಫುಸಿಗೆ ನಗು ಬಂತು. ಮಾತನ್ನು ಮದುವೆಯ ಹಂದಿಗಳ ಕಡೆ ತಿರುಗಿಸಿದಳು.

ಅಕ್ಕತಮ್ಮಂದಿರ ನಡುವೆ ಮಾತು ಎಷ್ಟಿರಬೇಕೋ ಅಷ್ಟೇ ಇರುವ ಮನೆತನ ಅವರದು. ಅಕ್ಕ ಕೂತ ಕೋಣೆಗೆ ತಮ್ಮ ಸುಮ್ಮನೆ ನುಗ್ಗುವುದಿಲ್ಲ. ಅವಳ ಎದುರು ಪೋಲಿ ಮಾತಾಡುವುದಿಲ್ಲ. ದೇಹದ ವಿಷಯವನ್ನಂತೂ ಇಬ್ಬರೂ ಎತ್ತುವುದಿಲ್ಲ. ಕಿಡ್ನಿ ಕೊಡುತ್ತೇನೆ ಎಂಬ ಮಾತು ಕೂಡ ವಿಕಾಳ ಬಾಯಲ್ಲಿ ಬಂದಿತ್ತು. ಸರಿ ಎಂಬ ಉತ್ತರವೂ ಅವಳ ಬಾಯಲ್ಲೇ ಹೋಗಿತ್ತು. ಆಪರೇಷನ್ ಆದ ಮೇಲೆ ಒಮ್ಮೆಯೂ ಅವರಿಬ್ಬರು ಅದರ ಬಗ್ಗೆ ಮಾತಾಡಿರಲಿಲ್ಲ.

ವಿಕಾಳಿಗೂ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಎರಡು ತಿಂಗಳ ಹಿಂದೆ ಹೆಲೆನೆ ತನ್ನ ಸತ್ತ ಗಂಡನ ಮಾತು ತೆಗೆದಿದ್ದಳು. ಅವನೂ ಕಿಡ್ನಿ ಹಾಕಿಸಿಕೊಂಡವನು. ಹಾಕಿದ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ದಿನವೂ ನುಂಗುವ ಸಣ್ಣ ಬಿಳಿ ಮಾತ್ರೆಯೇ ಅವನ ಕಣ್ಣಿಗೆ ಪೊರೆ ತಂದಿತೆಂದು ಡಾಕ್ಟರೇ ಹೇಳಿದ್ದರಂತೆ. ಫುಸಿ ಅಂದು ಮನೆಗೆ ಬಂದು ತನ್ನ ಬಿಳಿ ಮಾತ್ರೆಯನ್ನು ಚಾಕುವಿನಿಂದ ಎರಡು ಮಾಡಿದಳು. ಮದುವೆ ಮುಗಿಯುವವರೆಗೆ ಅರ್ಧ ಸಾಕು, ಅಷ್ಟರಲ್ಲಿ ಕಣ್ಣು ತಿಳಿಯಾದೀತು ಅಂದುಕೊಂಡಳು. ಕಣ್ಣು ತಿಳಿಯಾಗಲಿಲ್ಲ. ಆದರೂ ಅರ್ಧ ನುಂಗುವುದನ್ನು ಬಿಡಲಿಲ್ಲ. ದಿನವೂ ಬೆಳಗ್ಗೆ ಉಳಿದ ಅರ್ಧವನ್ನು ಸಿಂಕಿಗೆ ಹಾಕಿ ನಲ್ಲಿ ತಿರುಗಿಸುತ್ತಿದ್ದಳು.

ಮಂಗಳವಾರ ಕಿಡ್ನಿ ಕ್ಲಿನಿಕ್ಕಿನಲ್ಲಿ ನರ್ಸು ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದಳು. ಕಿಡ್ನಿಯ ಸಂಖ್ಯೆ ಸ್ವಲ್ಪ ಏರಿದೆ, ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ ಎಂದು ಕೇಳಿದಳು. ಫುಸಿ ಹೂಂ ಅಂದಳು. ನರ್ಸು ಸಹಿ ಮಾಡಲು ಕಾಗದ ಕೊಟ್ಟಳು. ಸಹಿ ಕಾಗದ ದಾಟಿ ಮೇಜಿನ ಮೇಲೆ ಬಿತ್ತು. ನರ್ಸು ಅದನ್ನು ನೋಡಿ ಫೋನ್ ಎತ್ತಿಕೊಂಡಳು. ಗುರುವಾರವೇ ಕಣ್ಣಿನ ಡಾಕ್ಟರು ನೋಡುತ್ತಾರೆ, ಈ ಸಲ ನೆಪ ಹೇಳುವ ಹಾಗಿಲ್ಲ ಎಂದಳು.

ಗುರುವಾರ ವಿಕಾಳಿಗೆ ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಪಾಳಿ. ರಜೆ ಸಿಗಲಿಲ್ಲ. ಕಾರು ತಂದವನು ಕೆಲೆಪಿ. ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ದಾರಿಯುದ್ದಕ್ಕೂ ಹವೆಯ ಬಗ್ಗೆ ಎರಡು ಮಾತು, ಮದುವೆಯ ಹಂದಿಗಳ ಬಗ್ಗೆ ಒಂದು ಮಾತು ಆಡಿದ. ಹೊರಗೆ ಕಾಯುತ್ತೇನೆ ಎಂದು ಆಸ್ಪತ್ರೆಯ ಪಡಸಾಲೆಯಲ್ಲಿ ಕೂತ.

ಕಣ್ಣಿಗೆ ಹನಿ ಬಿಟ್ಟು, ಯಂತ್ರಕ್ಕೆ ಗದ್ದ ಇಡಿಸಿ, ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ್ದು ಫುಸಿಗೆ ಅರ್ಧಂಬರ್ಧ ತಿಳಿಯಿತು. ಅವಳ ಇಂಗ್ಲಿಷು ಮಾರುಕಟ್ಟೆಗೆ ಸಾಕಾಗುವಷ್ಟು ಮಾತ್ರ. ಟೊಂಗಾ ಮಾತು ಬಲ್ಲ ದುಭಾಷಿ ಹೆಂಗಸು ಅಂದು ಬಂದಿರಲಿಲ್ಲ. ಮೂರು ವಾರ ಬಿಟ್ಟು ಅವಳಿದ್ದಾಗ ಬರಬಹುದು, ಇಲ್ಲವೇ ಹೊರಗಿರುವ ತಮ್ಮನನ್ನು ಕರೆಯಬಹುದು, ನಿಮ್ಮಿಷ್ಟ ಎಂದರು ಡಾಕ್ಟರಮ್ಮ.

ಮೂರು ವಾರ. ಅಂದರೆ ಇನ್ನೂ ಇಪ್ಪತ್ತೊಂದು ಅರ್ಧ ಮಾತ್ರೆ. ನರ್ಸಿನ ಗಂಟಿಕ್ಕಿದ ಹುಬ್ಬು ನೆನಪಾಯಿತು. ಫುಸಿ ಕೈಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು, ಅವನನ್ನು ಕರೆಯಿರಿ ಎಂದಳು.

ಕೆಲೆಪಿ ಬಂದು ಅಕ್ಕನಿಗೆ ಓರೆಯಾಗಿ, ಗೋಡೆಯ ಕಡೆ ಮುಖ ಮಾಡಿ ಕೂತ. ಡಾಕ್ಟರು ಹೇಳಿದ್ದನ್ನು ನೆಲ ನೋಡುತ್ತ ಹೇಳಿದ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಿಳಿ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡವರಲ್ಲಿ ಇದು ಬರುವುದುಂಟು. ಕಣ್ಣಿನ ಒತ್ತಡವೂ ಏರಬಹುದು, ಅದು ಗೊತ್ತೇ ಆಗದೆ ನೋಟ ಕದಿಯುತ್ತದೆ. ಅದಕ್ಕೇ ಪ್ರತಿವರ್ಷ ಬನ್ನಿ ಅಂದದ್ದು. ಪೊರೆ ತೆಗೆಯಬಹುದು, ಆದರೆ ಮೊದಲು ಕಿಡ್ನಿ ಸರಿಯಾಗಿರಬೇಕು.

"ಬಿಳಿ ಮಾತ್ರೆ ದಿನಕ್ಕೆ ಎಷ್ಟು ತಗೊಳ್ತಿದ್ದೀರಿ ಅಂತ ಕೇಳ್ತಿದ್ದಾರೆ ಅಕ್ಕಾ."

ನರ್ಸಿಗೆ ಹೂಂ ಅಂದದ್ದು ಸುಲಭವಾಗಿತ್ತು. ಇಲ್ಲಿ ಸುಳ್ಳು ಹೇಳಿದರೆ ಅದು ತಮ್ಮನ ನಾಲಿಗೆಯ ಮೇಲೆ ಹಾದುಹೋಗಬೇಕು. ತಾನು ಕೊಟ್ಟ ಕಿಡ್ನಿಯ ಬಗೆಗಿನ ಸುಳ್ಳನ್ನು ಅವನೇ ಹೇಳಬೇಕು. ಹನಿ ಬಿಟ್ಟ ಕಣ್ಣಿಗೆ ಅವನ ಮುಖ ಒಂದು ಕಂದು ಮಬ್ಬಾಗಿ ಮಾತ್ರ ಕಾಣುತ್ತಿತ್ತು.

"ಅರ್ಧ," ಎಂದಳು ಫುಸಿ. "ಎರಡು ತಿಂಗಳಾಯ್ತು ಕೆಲೆಪಿ. ಮದುವೆಗೆ ಗೆರೆ ಎಳೀಬೇಕಲ್ಲ, ಕಣ್ಣು ಬರ್ಲಿ ಅಂತ ಅರ್ಧ ಸಿಂಕಿಗೆ ಹಾಕ್ತಿದ್ದೆ. ನೀನು ಕೊಟ್ಟಿದ್ದನ್ನ ಉಪವಾಸ ಕೆಡವಿದೆ."

ಕೆಲೆಪಿಯ ಕುರ್ಚಿ ಕಿರುಗುಟ್ಟಿತು. ಎದ್ದು ಹೋಗುತ್ತಾನೆ ಅಂದುಕೊಂಡಳು ಫುಸಿ. ಅವನು ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ. ಅಷ್ಟು ಇಂಗ್ಲಿಷು ಅವಳಿಗೂ ಬರುತ್ತಿತ್ತು. ಅಕ್ಕ ಅರ್ಧ ತಗೊಂಡಳು ಅಂತ ಅವನು ಹೇಳಲಿಲ್ಲ. ನಾವು ಎರಡು ತಿಂಗಳಿಂದ ಅರ್ಧವೇ ತಗೊಂಡಿದ್ದೇವೆ ಎಂದ. ನಮಗೆ ಗೊತ್ತಾಗಲಿಲ್ಲ ಎಂದ.

ಡಾಕ್ಟರಮ್ಮ ಬೈಯಲಿಲ್ಲ. ಮಾತ್ರೆ ಬಿಟ್ಟರೆ ಬಂದ ಪೊರೆ ಕರಗುವುದಿಲ್ಲ, ಕಿಡ್ನಿ ಮಾತ್ರ ಹೋಗುತ್ತದೆ ಎಂದರು. ಹೇಳಿದ್ದು ಒಳ್ಳೆಯದಾಯಿತು ಎಂದೂ ಸೇರಿಸಿದರು. ಆಗಲೇ ಕಿಡ್ನಿ ಕ್ಲಿನಿಕ್ಕಿಗೆ ಫೋನ್ ಮಾಡಿದರು. ಇವತ್ತೇ ಮತ್ತೆ ರಕ್ತ ಕೊಡಬೇಕು, ಮಾತ್ರೆ ಹೇಗೆ ಮುಂದುವರಿಸುವುದೆಂದು ಅವರೇ ಹೇಳುತ್ತಾರೆ. ಎಷ್ಟು ಹಾನಿಯಾಗಿದೆಯೋ ಈಗಲೇ ಹೇಳಲು ಬರುವುದಿಲ್ಲ. ಇದನ್ನೂ ಕೆಲೆಪಿ ಒಂದು ಮಾತು ಬಿಡದೆ ಹೇಳಿದ.

ಕೊನೆಗೆ ಡಾಕ್ಟರಮ್ಮ ಪೆನ್ನು ಹಿಡಿದು, ಬೇರೇನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಕೆಲೆಪಿ ಎದ್ದ. ಗೋಡೆಯ ಕಡೆ ಇದ್ದ ಕುರ್ಚಿಯನ್ನು ತಿರುಗಿಸಿ ಅಕ್ಕನ ಎದುರಿಗೆ ಇಟ್ಟುಕೊಂಡು ಕೂತ.

"ಇನ್ನೇನಾದ್ರೂ ಇದೆಯಾ ಅಂತ ಕೇಳ್ತಿದ್ದಾರೆ ಅಕ್ಕಾ," ಎಂದ. "ಇದ್ರೆ ಎಲ್ಲಾ ಹೇಳಿಬಿಡಿ. ನಾನು ಹೇಳ್ತೀನಿ ಅವರಿಗೆ."

ಫುಸಿ ಕೈಚೀಲವನ್ನು ನೆಲಕ್ಕಿಟ್ಟಳು.

"ಕಾಲು ಊದ್ತಿದೆ," ಎಂದಳು. "ಒಂದು ವಾರದಿಂದ."