ಉಲ್ಬೋಸಿನ್ ಅಪಾ ಕಡೆದ ನೀರು

ಅರಾಲ್ ಸಮುದ್ರದ ನಮ್ಮ ದಂಡೆಗೆ ನೀರು ಮರಳಿ ಬಂದು ಎಷ್ಟೋ ಕಾಲವಾಗಿತ್ತು. ಬೆಕಿರೆ ಮೀನು ಮಾತ್ರ ಬಂದಿರಲಿಲ್ಲ. ಆ ಬೇಸಿಗೆಯಲ್ಲಿ ದೂರದ ನದಿಯಿಂದ ತಂದ ಒಂದೇ ಒಂದು ತಾಯಿಮೀನು ಮರಿ ಮಾಡಿಸುವ ನಮ್ಮ ಮೀನುಮನೆಯಲ್ಲಿ ಮೊಟ್ಟೆ ಕೊಟ್ಟು ಸತ್ತಿತು. ಮರಿಗಳೇನೋ ಒಡೆದು ಬಂದವು. ಅವು ಹೋದರೆ ಇನ್ನೊಂದು ತಾಯಿ ಎಲ್ಲಿಂದ ತರುವುದು?

ಅವುಗಳ ಹೊಟ್ಟೆ ನಮ್ಮೆಲ್ಲರ ಹಿರಿಯಕ್ಕ ಉಲ್ಬೋಸಿನ್ ಅಪಾ ಕೈಯಲ್ಲಿತ್ತು. ಮರಿ ತಿನ್ನುವುದು ನೀರುಚಿಗಟವೆಂಬ ಪುಟ್ಟ ಹುಳ, ನೀರುಚಿಗಟ ತಿನ್ನುವುದು ಪಾಚಿ, ಆ ಪಾಚಿಯ ತೊಟ್ಟಿ ನೋಡಿಕೊಳ್ಳುವವಳು ಅವಳು. ಅವಳ ಗಂಡ ಹಳೆಯ ಸಮುದ್ರದ ಬಲೆಗಾರ, ಬೆಕಿರೆ ಬಂದೇ ಬರುತ್ತದೆ ಎನ್ನುತ್ತಲೇ ಒಣಗಿದ ದಂಡೆಯಲ್ಲಿ ಕಣ್ಣು ಮುಚ್ಚಿದ್ದ. ಒಂದು ಮರಿಯನ್ನಾದರೂ ಕೈಯಾರೆ ಸಮುದ್ರಕ್ಕೆ ಬಿಡಬೇಕು ಎಂಬುದೊಂದೇ ಅವಳ ಹಂಬಲ. ನನ್ನ ಕೆಲಸ ಸೂಕ್ಷ್ಮದರ್ಶಕದಲ್ಲಿ ಪಾಚಿ ನೋಡುವುದು. ಅದನ್ನು ಕೆಲಸ ಅಂತ ಅವಳು ಒಪ್ಪುತ್ತಲೇ ಇರಲಿಲ್ಲ.

ಬಿಸಿಗಾಳಿಗೆ ನಮ್ಮ ಹಳೆಯ ಹಸಿರು ಪಾಚಿ ಕೆಟ್ಟುಹೋಯಿತು. ಅದು ದುಂಡು ಕಣದ ಜಾತಿ. ಬದಲಿಗೆ ಸಮುದ್ರದಿಂದಲೇ ಸೋಸಿ ತಂದ ಪಾಚಿ ಬೆಳೆಸಿದೆವು. ಇದು ಜೇನುಬಣ್ಣದ್ದು, ಕಣಕ್ಕೆ ಕಣ ಅಂಟಿ ಉದ್ದನೆಯ ಸರವಾಗುತ್ತದೆ. ಮೊದಮೊದಲು ಚೆನ್ನಾಗಿಯೇ ಬಂತು. ಆಮೇಲೆ ಬಣ್ಣ ದಿನದಿನಕ್ಕೂ ಮಾಸತೊಡಗಿತು.

ಮಾಸಿದಷ್ಟೂ ಅಪಾ ಕಡೆದಳು. ನಮ್ಮಲ್ಲಿ ಒಂಟೆಹಾಲು ಹುಳಿಬರಿಸಿ ಶುಬಾತ್ ಮಾಡುವಾಗ ಉದ್ದನೆಯ ಕಡೆಗೋಲಿನಿಂದ ಬಡಿಯುತ್ತೇವೆ. ಬಡಿದಷ್ಟೂ ರುಚಿ. ಶುಬಾತ್ ತೆಳ್ಳಗಾದರೆ ಊರೆಲ್ಲ ಸೊಸೆಯ ತೋಳನ್ನು ಆಡಿಕೊಳ್ಳುತ್ತದೆ. ಆ ಕಡೆಗೋಲನ್ನೇ ಅವಳು ಪಾಚಿತೊಟ್ಟಿಗೂ ತಂದಿದ್ದಳು, ಹಳೆಯ ಪಾಚಿ ಅದಕ್ಕೆ ಚೆನ್ನಾಗಿ ಒಗ್ಗಿತ್ತು ಕೂಡ.

“ಅಪಾ, ಸ್ವಲ್ಪ ಕೂತ್ಕೋ. ತೋಳು ಬಿದ್ದೋಗುತ್ತೆ.”

“ಮಕ್ಳು ಹಸ್ಕೊಂಡಿರೋವಾಗ ಕೂರ್ಲೇನೇ ಬಾತಿಮಾ? ನೀನು ಹೋಗಿ ಆ ಕೊಳವೇಲಿ ಇಣುಕು. ಮದುವೆ ದಿಬ್ಬಣ ಏನಾದ್ರೂ ಕಂಡ್ರೆ ಕೂಗು, ಬರ್ತೀನಿ.”

ಉಪ್ಪುಧೂಳಿನ ಬಿರುಗಾಳಿಗೆ ದಾರಿ ಮುಚ್ಚಿತ್ತು. ನಗರದಿಂದ ಬರಬೇಕಿದ್ದ ಮೇವಿನ ಲಾರಿ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಹಸಿದ ಮರಿಗಳು ಒಂದರ ಬಾಲ ಇನ್ನೊಂದು ಕಚ್ಚತೊಡಗಿದವು. ನನಗೆ ಅಳು ಬರುತ್ತಿತ್ತು, ಅಳು ಬರುತ್ತಿದೆಯಲ್ಲ ಎಂದು ಸಿಟ್ಟೂ ಬರುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸರಗಳು ತುಂಡುತುಂಡಾಗಿ, ಬೆಳಕು ಕಾಣದವುಗಳ ಹಾಗೆ ಬಿಳಿಚಿಕೊಂಡಿದ್ದವು. ಹೊರಗೆ ನೋಡಿದರೆ ತಲೆ ಸೀಳುವ ಬಿಸಿಲು!

ಮಧ್ಯಾಹ್ನ ಅಪಾ ಚಹಾ ಕೊಟ್ಟಳು. ಕುಡಿಯುವ ಮನಸ್ಸಿಲ್ಲದೆ ಬಟ್ಟಲನ್ನು ಗರಗರ ಅಲ್ಲಾಡಿಸಿದೆ. ಚಹಾಸೊಪ್ಪಿನ ಕಡ್ಡಿಯೊಂದು ನೆಟ್ಟಗೆ ನಿಂತು ಲಾಗ ಹಾಕಿತು.

“ಕಡ್ಡಿ ನಿಂತ್ಕೊಂಡ್ತು ನೋಡು, ನೆಂಟರು ಬರ್ತಾರೆ,” ಎಂದಳು ಅಪಾ. “ಲಾರಿನೇ ಇರ್ಬೇಕು.”

ಬಟ್ಟಲನ್ನು ಮೆಲ್ಲಗೆ ತಿರುಗಿಸಿದೆ. ಕಡ್ಡಿ ಅಡ್ಡ ಮಲಗಿ ಹರಿವಿನ ಜೊತೆ ಸಾಗಿತು. ನಮ್ಮ ಪಾಚಿಯ ಸರವೂ ಹೀಗೇ ಅಲ್ಲವೇ! ದುಂಡು ಕಣ ಹೇಗೆ ಉರುಳಿದರೂ ಬಿಸಿಲಿಗೆ ಅದೇ ಮುಖ. ಉದ್ದ ಸರ ಹಾಗಲ್ಲ. ಮೆಲ್ಲಗೆ ಹರಿಯುವ ನೀರಿನಲ್ಲಿ ಅಡ್ಡ ಮಲಗಿದರೆ ಮೇಲಿನ ಬಿಸಿಲನ್ನು ಮೈತುಂಬ ಹೀರುತ್ತದೆ. ಬಡಿದರೆ ಲಾಗ ಹಾಕುತ್ತ ಬರೀ ತುದಿಯನ್ನು ತೋರಿಸುತ್ತದೆ, ಮುರಿಯುತ್ತದೆ. ಹಾಗಂತ ಸುಮ್ಮನೆ ಬಿಟ್ಟರೆ ತಳಕ್ಕಿಳಿದು ಕತ್ತಲಲ್ಲಿ ಸಾಯುತ್ತದೆ.

“ಅಪಾ, ಇನ್ಮೇಲೆ ಬಡೀಬೇಡ,” ಎಂದೆ. “ನಾವು ಬಡಿದೇ ಅವಕ್ಕೆ ಬಿಸಿಲು ಸಿಗ್ತಿಲ್ಲ.”

ಅವಳಿಗೆ ತಮಾಷೆ ಅನಿಸಿತು. ಕಡ್ಡಿಯನ್ನು ತೋರಿಸಿ ಎಲ್ಲ ಹೇಳಿದೆ. ಅವಳೇ ಬಟ್ಟಲು ಇಸಿದುಕೊಂಡು ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಆಮೇಲೆ ಮುಖ ಸುಟ್ಟ ರೊಟ್ಟಿಯಂತಾಯಿತು.

“ಹಂಗಾದ್ರೆ ಮಕ್ಳ ಬಾಯಿಗೆ ಮಣ್ಣು ಹಾಕಿದ್ದು ನಾನೇ ಅನ್ನು.”

ನಾನು ಕಡೆಗೋಲನ್ನು ತೊಟ್ಟಿಯಿಂದ ತೆಗೆದು ಪಕ್ಕಕ್ಕಿಟ್ಟೆ.

ಅಪಾ ಅಗಲ ಹಲಗೆಯೊಂದಕ್ಕೆ ಹಗ್ಗ ಕಟ್ಟಿ ನೀರಿಗಿಳಿಸಿ, ತೊಟ್ಟಿಯ ಸುತ್ತ ಅದನ್ನು ಮೆಲ್ಲಗೆ ಎಳೆಯುತ್ತ ನಡೆಯತೊಡಗಿದಳು. ನನಗೂ ಹಗ್ಗ ಕೊಟ್ಟಳು, ನಾನು ಎಳೆಯುವುದು ನೋಡಿ ತಡೆಯಲಾರದೆ ಕಿತ್ತುಕೊಂಡಳು. ಬಡಿಯಲು ಹುಟ್ಟಿದ ಕೈಗೆ ನಿಧಾನ ಎನ್ನುವುದು ಶಿಕ್ಷೆ. ಕೈ ಅವಸರಪಟ್ಟಾಗಲೆಲ್ಲ ಅವಳು ಅದನ್ನೇ ಬೈಯುತ್ತಿದ್ದಳು: “ಥೂ, ಮನೆಹಾಳ ಕೈಯೇ, ಮೆಲ್ಲಗೆ!” ನೀರು ನಮ್ಮನ್ನು ಕಾಯಿಸಿತು, ಸತಾಯಿಸಿತು, ಕೊನೆಗೊಂದು ಬೆಳಗ್ಗೆ ಜೇನುಬಣ್ಣಕ್ಕೆ ತಿರುಗಿತು. ನೀರುಚಿಗಟಗಳೂ ಆ ಪಾಚಿ ತಿಂದು ಹೆಚ್ಚಿದವು.

ಮೊದಲ ಬಕೆಟ್ ನೀರುಚಿಗಟ ತುಂಬಿಕೊಂಡು ಮರಿತೊಟ್ಟಿಗೆ ಓಡಿ ಸುರಿದೆ. ಒಂದು ಮರಿಯೂ ಬಾಯಿ ಹಾಕಲಿಲ್ಲ. ಕೈಯಿಂದ ಕಲಕಿದೆ. ನೀರಿನ ಜೊತೆ ಎದ್ದವು, ಹಾಗೇ ತಳಕ್ಕೆ ಹೋಗಿ ಕೂತವು. ಬೆಳಕು ಹರಿಯುವಾಗ ಕೆಲವಾದರೂ ಮಿಸುಕುತ್ತಿದ್ದವು, ನಾನೇ ಕಣ್ಣಾರೆ ನೋಡಿದ್ದೆ. ಯಾವ ದೇವರನ್ನು ಬೈಯಬೇಕೋ ತಿಳಿಯಲಿಲ್ಲ.

ಪಾಚಿತೊಟ್ಟಿಗೆ ವಾಪಸ್ಸು ಬಂದಾಗ ಅಪಾ ಹಗ್ಗ ಎಳೆಯುತ್ತಲೇ ಇದ್ದಳು, ತಿರುಗಿ ನೋಡಲಿಲ್ಲ. “ತಿಂದ್ವೇನೇ?” ಎಂದಳು.

“ಒಂದೂ ಉಳಿದಿಲ್ಲ ಅಪಾ.”

ಕುಸಿದು ಕೂರುತ್ತಾಳೆ ಎಂದುಕೊಂಡೆ. ಅವಳು ನಡೆಯುತ್ತಲೇ ಇದ್ದಳು. ಕಣ್ಣೀರು ಗದ್ದದಿಂದಿಳಿದು ತೊಟ್ಟಿಗೆ ಬೀಳುತ್ತಿತ್ತು. ನೋಡಲಾಗದೆ ಹಗ್ಗಕ್ಕೆ ಕೈ ಹಾಕಿದೆ.

“ಬಿಡು ಅಪಾ, ಸಾಕು. ಇನ್ಯಾರಿಗೆ ಈ ನೀರು?”

“ಮುಟ್ಬೇಡ,” ಎಂದಳು. “ನಾನು ನಿಂತ್ರೆ ಈ ಸರಗಳೂ ಮುಳುಗಿ ಸಾಯ್ತಾವೆ.”