ಅಪ್ಪನನ್ನು ತಗೊಂಡು ಅವ್ವನನ್ನು ಕೊಟ್ಟದ್ದು

ಸತ್ಕಾರ ಎಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಕರೆದು, ತಲೆಗೆ ಫೇಟಾ ಸುತ್ತಿ, ಹೆಗಲಿಗೆ ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು, ಆಮೇಲೆ ಈಗ ನಾಲ್ಕು ಜೋಕ್ ಹೇಳಿ ಎನ್ನುತ್ತಾರೆ. ಫೇಟಾ ಸುತ್ತಿಕೊಂಡವನ ಮಾತಿಗೆ ಯಾರಿಗೆ ನಗು ಬರುತ್ತದೆ? ಆದರೂ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ತಾಲೂಕಿನ ಊರು ಜತ್ತದ ಒಂದು ಕಾಲೇಜಿನಿಂದ 'ಭೂಮಿಪುತ್ರರ ಸತ್ಕಾರ'ಕ್ಕೆ ಕರೆ ಬಂದಾಗ ನಾನು, ಅಣ್ಣಾರಾಯ ಇಬ್ಬರೂ ಹಲ್ಲು ಕಿಸಿದು ಒಪ್ಪಿಕೊಂಡೆವು. ಭೂಮಿಪುತ್ರರಂತೆ! ನನ್ನ ಹೆಸರಿಗೆ ಒಂದು ಗುಂಟೆ ಭೂಮಿಯೂ ಇಲ್ಲ. ಅವನಿಗೆ ಹನ್ನೆರಡು ಎಕರೆ ಇದೆ, ಅದರ ಬದು ಯಾವ ಕಡೆಗಿದೆಯೆಂದು ಅವನಿಗೆ ಗೊತ್ತಿಲ್ಲ.

ನಾನು ತಿಕೋಂಡಿಯ ಕುರಿ ಕಾಯುವವರ ಮಗ ಅಮೋಗಸಿದ್ದ. ಪುಣೆಯ ಪೋಸ್ಟರುಗಳಲ್ಲಿ 'ಅಮೋಘ' ಎಂದು ಹಾಕುತ್ತಾರೆ, ಸಿದ್ದನನ್ನು ಕೈಬಿಟ್ಟಿದ್ದಾರೆ. ಅಣ್ಣಾರಾಯ ಶೇಗಾಂವದ ಅಪ್ಪಾಸಾಹೇಬ ಮಾಸ್ತರರ ಒಬ್ಬನೇ ಮಗ. ಏಳು ವರ್ಷದಿಂದ ಇಬ್ಬರೂ ಪುಣೆಯಲ್ಲಿ ಮೈಕು ಹಿಡಿದು ನಿಂತು, ಮರಾಠಿಯಲ್ಲಿ ಜನರನ್ನು ನಗಿಸಿ ಹೊಟ್ಟೆ ಹೊರೆಯುತ್ತಿದ್ದೇವೆ. ಸ್ಟ್ಯಾಂಡ್-ಅಪ್ ಕಾಮೆಡಿ ಎನ್ನುತ್ತಾರೆ. ನಮ್ಮವ್ವ ಯಮನವ್ವ ಇದನ್ನು 'ನಿಂತು ಮಾತಾಡೋ ನೌಕರಿ' ಎನ್ನುತ್ತಾಳೆ. ಏಳು ವರ್ಷದಲ್ಲಿ ಅವಳಿಗೆ ನನ್ನ ಒಂದೇ ಒಂದು ಕಾರ್ಯಕ್ರಮವನ್ನೂ ನಾನು ತೋರಿಸಿರಲಿಲ್ಲ. ತೋರಿಸದೆ ಇರುವುದಕ್ಕೆ ಕಾರಣವಿತ್ತು.

ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ. ನಮ್ಮನ್ನು ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಕೂರಿಸಿ ಚಹಾ, ಉಪ್ಪಿಟ್ಟು ಕಳಿಸಿದರು. ಗಂಧಕದ ವಾಸನೆಯ ನಡುವೆ ಉಪ್ಪಿಟ್ಟು ತಿನ್ನುತ್ತ ಇಬ್ಬರೂ ನಮ್ಮ ನಮ್ಮ ಗೋಳು ಬಿಚ್ಚಿದೆವು. ನಗಿಸುವವರು ಇಬ್ಬರು ಸೇರಿದರೆ ಮೂರನೆಯವನನ್ನು ಬೈಯುತ್ತಾರೆ, ಇಲ್ಲವೇ ತಮ್ಮ ಮರ್ಯಾದೆ ಹೋದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

"ಹೋದ ತಿಂಗಳ ಒಬ್ಬ ಬಿಲ್ಡರ್ ಕರದಿದ್ದ. ಹುಟ್ಟಿದ ಹಬ್ಬದ ಕಾರ್ಯಕ್ರಮ. ಹೋಗಿ ನೋಡಿದ್ರ ಹಬ್ಬ ಅವನ ನಾಯಿದು. ನಾಯಿ ಮುಂದ ಕುಂತಿತ್ತು, ನಾ ಇಪ್ಪತ್ತು ಮಿನಿಟ್ ಮಾತಾಡೀನಿ," ಅಂದ ಅಣ್ಣಾರಾಯ.

"ನಾಯಿ ಎದ್ದು ಹೋಗಲಿಲ್ಲಲ್ಲ?"

"ಇಲ್ಲ."

"ಹಂಗಾರ ನಿನ್ನ ಚಲೋ ಕಾರ್ಯಕ್ರಮ ಅದು."

ನನ್ನದೂ ಏನು ಕಡಿಮೆಯಿರಲಿಲ್ಲ. ಒಂದು ಕಂಪನಿಯಲ್ಲಿ ಊಟದ ಹೊತ್ತಿಗೆ ನನ್ನನ್ನು ನಿಲ್ಲಿಸಿದ್ದರು. ಜನ ಬಿರ್ಯಾನಿಯ ಸರದಿಯಲ್ಲಿ ನನಗೆ ಬೆನ್ನು ಮಾಡಿ ನಿಂತು ನಕ್ಕರು, ನಾನು ಬೆನ್ನುಗಳಿಗೇ ಕೈಮುಗಿದು ಬಂದೆ. ಪುಣೆಯ ಕೋಥರೂಡದ ಒಂದು ಹೌಸಿಂಗ್ ಸೊಸೈಟಿಯಲ್ಲಿ 'ಊರ ನೆನಪು' ಎಂಬ ಸಂಜೆ. ಅಲ್ಲಿ ಊರ ಹೆಸರೆತ್ತಿದರೆ ಸಾಕು, ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ಗಂಡಸರು ಬಾವಿ, ಎಮ್ಮೆ, ಚಿನ್ನಿದಾಂಡು ಎಂದು ಹಲುಬುತ್ತಾರೆ. ಆ ಬಾವಿಯ ನೀರನ್ನು ಎಂಟು ದಿನ ಕುಡಿ ಎಂದರೆ ಒಬ್ಬನೂ ಬರುವುದಿಲ್ಲ. ಆದರೆ ನಮ್ಮ ಹೊಟ್ಟೆ ನಡೆಯುವುದೇ ಆ ಹಲುಬಾಟದ ಮೇಲೆ. ಹಳ್ಳಿಯಿಂದ ಬಂದ ಮುಗ್ಧ ಅವ್ವ, ಹಳ್ಳಿಯ ಸಿಟ್ಟಿನ ಅಪ್ಪ, ಇವರಿಬ್ಬರನ್ನು ಮಾರದೆ ಪುಣೆಯಲ್ಲಿ ನಮ್ಮಂಥವರಿಗೆ ವೇದಿಕೆ ಸಿಗುವುದಿಲ್ಲ.

ಅಷ್ಟರಲ್ಲಿ ಕಾರ್ಯಕ್ರಮದ ಉಸ್ತುವಾರಿ ನೋಡುವ ಸುಮನ ಮೇಡಂ ಬಾಗಿಲಲ್ಲಿ ನಿಂತರು. ಮುಖದ ತುಂಬ ನಗು.

"ಸರ್, ನಿಮಗೊಂದು ಸರ್‌ಪ್ರೈಜ್ ಐತ್ರಿ. ಮುಂದಿನ ಸಾಲಿನಾಗ ಅಪ್ಪಾಸಾಹೇಬ ಗುರೂಜಿ ಬಂದು ಕುಂತಾರ. ತಿಕೋಂಡಿಗೆ ಜೀಪ್ ಕಳಿಸಿ ನಿಮ್ಮ ತಾಯಿನೂ ಕರಸೀವಿ. ಇಬ್ಬರೂ ನಿಮ್ಮ ಫೇಮಸ್ ಕಥಿನಽ ಹೇಳಬೇಕ್ರಿ. ಹುಡುಗ್ರು ಫೋನಿನಾಗ ನೋಡಿ ನೋಡಿ ಬಾಯಿಪಾಠ ಮಾಡ್ಯಾರ."

ಅವರು ಹೋದ ಮೇಲೆ ಅಣ್ಣಾರಾಯನ ಕೈಯ ಚಹಾ ಕಪ್ಪು ಬಾಯಿಯ ತನಕ ಹೋಗದೆ ನಿಂತಿತು. ನಾನು ಉಪ್ಪಿಟ್ಟಿನ ತಟ್ಟೆ ಬದಿಗೆ ಸರಿಸಿದೆ.

ಯಾಕೆಂದು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ನಮ್ಮಿಬ್ಬರ ಗತಿಯೂ ನೆಟ್ಟಗಿರಲಿಲ್ಲ. ನಾನು ವೇದಿಕೆಯಲ್ಲಿ ನಮ್ಮವ್ವನ ಕಥೆ ಹೇಳುತ್ತಿದ್ದೆ. ಅವ್ವ ಮೊದಲ ಸಲ ನನ್ನ ಕೋಣೆಗೆ ಬಂದಾಗ ಬಿಲ್ಡಿಂಗಿನ ಲಿಫ್ಟ್ ಮುಂದೆ ಕುಕ್ಕರುಗಾಲಲ್ಲಿ ಕೂತು ಒಳಗೆ ಹೋಗುವವರನ್ನು, ಹೊರಗೆ ಬರುವವರನ್ನು ಎಣಿಸಿದ್ದಳು. ಹಟ್ಟಿಯ ಬಾಗಿಲಲ್ಲಿ ಕೂತು ಕುರಿ ಎಣಿಸಿ ಬಂದ ರೂಢಿ. ಆರು ಜನ ಹೋದರು, ಇಬ್ಬರು ಬಂದರು, ನಾಲ್ವರ ಪತ್ತೆಯಿಲ್ಲ. ಅವ್ವ ವಾಚ್‌ಮನ್ನನ ಕೊರಳಪಟ್ಟಿ ಹಿಡಿದು, ನಾಲ್ಕು ಜನ ಕಡಿಮೆ ಬಿದ್ದಾರೆ, ಹುಡುಕು ನಡಿ ಎಂದಿದ್ದಳು. ಇದು ನಡೆದ ಸಂಗತಿ. ಆದರೆ ನಾನು ಹೇಳಿದರೆ ಜನ ನಗುತ್ತಿರಲಿಲ್ಲ. ಕಡ್ಡಿಯಂಥ ಮೈ, ಕನ್ನಡಕ, ನನ್ನನ್ನು ನೋಡಿದರೆ ಕುರಿಗಾಹಿಯ ಮಗ ಎಂದು ಯಾರೂ ನಂಬುತ್ತಿರಲಿಲ್ಲ.

ಅಣ್ಣಾರಾಯ ತನ್ನಪ್ಪನ ಕಥೆ ಹೇಳುತ್ತಿದ್ದ. ಮಾಸ್ತರರು ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಹಾಜರಿ ಕರೆಯುತ್ತಿದ್ದರು. 'ಹಜರ್' ಎನ್ನದವರಿಗೆ ರೊಟ್ಟಿ ಇಲ್ಲ. ಹೆಂಡತಿ ಹೇಳದೆ ತವರಿಗೆ ಹೋದಾಗ ಆಕೆಯ ಹೆಸರಿನ ಮುಂದೆ ಗೈರುಹಾಜರಿ ಬರೆದು, ತಿರುಗಿ ಬಂದಾಗ ರಜಾ ಅರ್ಜಿ ಕೇಳಿದ್ದರು. ಅದಕ್ಕೂ ಯಾರೂ ನಗುತ್ತಿರಲಿಲ್ಲ. ಹೋರಿಯಂಥ ಮೈ, ಹುರಿ ಮೀಸೆ, ಅವನನ್ನು ನೋಡಿದರೆ ಮಾಸ್ತರನ ಮಗನೆನಿಸುತ್ತಿರಲಿಲ್ಲ.

ಆಗ ನಮ್ಮಿಬ್ಬರಿಗೂ ಬುದ್ಧಿ ಓಡಿತು. ಸ್ವಾರಗೇಟ್ ಬಸ್‌ಸ್ಟ್ಯಾಂಡಿನ ಹೊರಗೆ ಚಹಾ ಕುಡಿಯುತ್ತ, ಎತ್ತು ಬದಲಿಸಿದ ಹಾಗೆ ಅದಲಾಬದಲಿ ಮಾಡಿಕೊಂಡೆವು. ನಾನು ಅವನಿಗೆ ಅವ್ವನನ್ನು ಕೊಟ್ಟೆ. ಅವನು ನನಗೆ ಅಪ್ಪನನ್ನು ಕೊಟ್ಟ. ಕೊಟ್ಟವನು ಆ ಕಥೆಯನ್ನು ಇನ್ನು ಮೇಲೆ ಹೇಳುವ ಹಾಗಿಲ್ಲ ಎಂದು ಮಾತಾಯಿತು. ಅಂದಿನಿಂದ ಇಬ್ಬರ ದೆಸೆಯೂ ತಿರುಗಿತು. ಅಣ್ಣಾರಾಯ ಕರಕುಶಲ ಮೇಳದಲ್ಲಿ ಕೊಂಡ ಜರಿ ಅಂಚಿನ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಮರಾಠಿಯಲ್ಲಿ 'ನಮ್ಮಾಯಿ', ಅಂದರೆ ನಮ್ಮವ್ವ, ಎಂದು ಶುರು ಮಾಡಿದರೆ ಚಪ್ಪಾಳೆ ಬೀಳುತ್ತದೆ. ಜರಿಯ ಕಂಬಳಿ! ಕುರಿ ಹತ್ತಿರ ಬಂದರೆ ಅವನಿಗೆ ಸೀನು ಬರುತ್ತದೆ. ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ 'ನಮ್ಮಪ್ಪ ಮಾಸ್ತರ' ಎಂದರೆ ಸಾಕು. ನಮ್ಮಪ್ಪ ಶಿದ್ರಾಯ ವರ್ಷದಲ್ಲಿ ಎಂಟು ತಿಂಗಳು ಕುರಿಯ ಹಿಂದೆ ಊರೂರು ತಿರುಗಿ, ಒಂದು ಮಳೆಗಾಲದಲ್ಲಿ ಜ್ವರ ಬಂದು ಹಟ್ಟಿಯಲ್ಲೇ ಸತ್ತ. ಅವನ ಬಗ್ಗೆ ನಾನು ಒಂದು ಜೋಕೂ ಬರೆದಿಲ್ಲ. ಬರೆಯಲು ಕೂತರೆ ಪೆನ್ನು ಮುಚ್ಚಿಟ್ಟು ಏಳುತ್ತೇನೆ.

"ಇವತ್ತೊಂದಿನ ತಿರುಗಿ ಅದಲಾಬದಲಿ ಮಾಡೂನು. ನೀ ನಿಮ್ಮಪ್ಪಂದು ಹೇಳು, ನಾ ನಮ್ಮವ್ವಂದು ಹೇಳತೀನಿ," ಅಂದೆ.

"ನಿನ್ನ ಬಾಯಾಗ ಕುಂದರೂದಿಲ್ಲೋ ಅದು," ಅಂದ ಅಣ್ಣಾರಾಯ. "ಬೇಕಾದ್ರ ಒಂದ್ಸಲ ಹೇಳಿ ನೋಡು."

ಹೇಳಿ ನೋಡಿದೆ. ಖಾಲಿ ಲ್ಯಾಬಿನಲ್ಲಿ, ಗಾಜಿನ ಕೊಳವೆಗಳ ಮುಂದೆ, ನಮ್ಮವ್ವನ ಕಥೆಯನ್ನು ನಾನು ಹೇಳಿದೆ. ಅಣ್ಣಾರಾಯ ನಿಲ್ಲಿಸುವಲ್ಲಿ ನಿಲ್ಲಿಸಿದೆ, ಅವನು ಹುಬ್ಬು ಏರಿಸುವಲ್ಲಿ ಹುಬ್ಬು ಏರಿಸಿದೆ. ನಮ್ಮವ್ವನ ಮಾತುಗಳು ಅಣ್ಣಾರಾಯನ ದನಿಯಲ್ಲಿ ಹೊರಬಂದವು. ನನಗೇ ಹೇಸಿಕೆಯೆನಿಸಿ ನಡುವೆಯೇ ಬಿಟ್ಟೆ.

"ನಮ್ಮಪ್ಪನ ಕಥಿ ನನಗರೆ ಎಲ್ಲಿ ನೆನಪೈತಿ? ನೀ ಹೇಳೂದನ್ನ ಕೇಳಿ ಕೇಳಿ ನನಗ ಅದು ನಿಮ್ಮಪ್ಪನೇ ಅನಸತೈತಿ," ಅಂದ ಅವನು. ಆಮೇಲೆ ಫೋನಿನಲ್ಲಿ ಮುಖ ನೋಡಿಕೊಂಡು ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡ. "ನಿಮ್ಮವ್ವಗ ಮರಾಠಿ ತಿಳಿತೈತೇನು?"

ತಿಳಿಯದೆ ಏನು? ಮೂವತ್ತು ವರ್ಷ ಜತ್ತದ ಸಂತೆಯಲ್ಲಿ ಕುರಿ ಮಾರಿದವಳು. ದಲ್ಲಾಳಿಗಳು ಅವಳ ಮರಾಠಿಗೆ ಹೆದರುತ್ತಾರೆ.

ಮೊದಲು ಅಣ್ಣಾರಾಯ ಹತ್ತಿದ. ನಾನು ಪರದೆಯ ಅಂಚಿನಲ್ಲಿ ನಿಂತು ಸಭೆ ನೋಡಿದೆ. ಮುಂದಿನ ಸಾಲಿನಲ್ಲಿ ಬಿಳಿ ಟೋಪಿಯ ಅಪ್ಪಾಸಾಹೇಬ ಮಾಸ್ತರರು. ಹೆಂಗಸರ ಕಡೆ ಆರನೆಯ ಸಾಲಿನಲ್ಲಿ, ತಲೆಯ ತುಂಬ ಸೆರಗು ಹೊದ್ದು, ಕೈ ಮಡಚಿ ಕೂತ ಅವ್ವ. ಅಣ್ಣಾರಾಯ ಕಂಬಳಿ ಕೊಡವಿ 'ನಮ್ಮಾಯಿ ಕುರಿ ಕಾಯಾಕಿ' ಎಂದು ಮರಾಠಿಯಲ್ಲಿ ಶುರುಮಾಡಿದ. ತಮ್ಮ ಮಗ ಇಡೀ ತಾಲೂಕಿನ ಮುಂದೆ ಕುರಿಗಾಹಿಯ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಮಾಸ್ತರರು ಕಲೆ ಎಂದು ಒಪ್ಪಿಕೊಂಡು, ತಲೆದೂಗಿದರು. ನಾಲ್ವರು ಕಡಿಮೆ ಬಿದ್ದ ಜಾಗಕ್ಕೆ ಬಂದಾಗ ಹುಡುಗರು ಬೆಂಚು ಬಡಿದು, ಅವನಿಗಿಂತ ಮೊದಲೇ ಆ ಮಾತನ್ನು ಹೇಳಿ ಕೂಗಿದರು. ಅವ್ವ ನಗಲಿಲ್ಲ. ಸಿಟ್ಟಾದಂತೆಯೂ ಕಾಣಲಿಲ್ಲ. ಕತ್ತು ತಿರುಗಿಸಿ ಸಭೆಯಲ್ಲಿ ಯಾರನ್ನೋ ಹುಡುಕಿದಳು. ನನ್ನನ್ನೇ ಹುಡುಕಿದಳೆಂದು ಈಗ ಅನ್ನಿಸುತ್ತದೆ. ನಾನು ಪರದೆಯ ಹಿಂದೆ ಒಂದು ಹೆಜ್ಜೆ ಸರಿದೆ.

ಆಗಲಾದರೂ ಹೊರಗೆ ಹೋಗಿ, ಅದು ನಮ್ಮವ್ವನ ಕಥೆ, ಇಗೋ ಇವಳೇ ಆಕೆ ಎನ್ನಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಅಣ್ಣಾರಾಯನ ಮಾನ ಹೋಗುತ್ತಿತ್ತು, ಅದರ ಹಿಂದೆಯೇ ನನ್ನದು. ಇಬ್ಬರು ಕಳ್ಳರು ಒಬ್ಬರ ಮಾನ ಒಬ್ಬರು ಕಾಯುವುದಕ್ಕೆ ನಾವು ಸ್ನೇಹ ಎಂದು ಹೆಸರಿಟ್ಟಿದ್ದೆವು.

ನನ್ನ ಹೆಸರು ಕರೆದರು. ಹತ್ತಿದೆ. ಮೊದಲು ಪುಣೆಯ ಮನೆ ಮಾಲೀಕರ ಬಗ್ಗೆ, ನೀರಿನ ಟ್ಯಾಂಕರಿನ ಬಗ್ಗೆ ಹೇಳಿ ಹೊತ್ತು ನೂಕಿದೆ. ಜನ ಆಕಳಿಸಿದರು. ಹಿಂದಿನಿಂದ ಹುಡುಗರು, "ಮಾಸ್ತರ! ಮಾಸ್ತರ!" ಎಂದು ಕೂಗತೊಡಗಿದರು. ಆ ಕೂಗು ಕಿವಿಗೆ ಬಿದ್ದರೆ ನನ್ನಂಥವನಿಗೆ ಅವ್ವನೂ ಕಾಣುವುದಿಲ್ಲ, ಅಪ್ಪನೂ ಕಾಣುವುದಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ನಮ್ಮಪ್ಪ ಹೆಡ್‌ಮಾಸ್ತರ. ಮನ್ಯಾಗೂ ಹಾಜರಿ ತಗೋತಿದ್ದ," ಎಂದೆ ಮರಾಠಿಯಲ್ಲಿ.

ಸಭೆ ಕುಲುಕಾಡಿತು. ರೊಟ್ಟಿಗೆ ಬಂದೆ, ಕುಲುಕಾಟ ಹೆಚ್ಚಿತು. ರಜಾ ಅರ್ಜಿಗೆ ಬರುವ ಹೊತ್ತಿಗೆ ಅಪ್ಪಾಸಾಹೇಬ ಮಾಸ್ತರರು ಟೋಪಿ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದರು. ತನ್ನದೇ ಕಥೆಯೆಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಆಗ ಆರನೆಯ ಸಾಲಿನಲ್ಲಿ ಅವ್ವ ಎದ್ದು ನಿಂತಳು.

"ಏ ಅಮೋಗಸಿದ್ದಾ," ಅಂದಳು ಕನ್ನಡದಲ್ಲಿ, ಅಡವಿಯಲ್ಲಿ ದೂರದವರನ್ನು ಕರೆಯುವ ದನಿಯಲ್ಲಿ. "ನಿಮ್ಮಪ್ಪ ಮಾಸ್ತರ ಯಾವಾಗ ಆಗಿದ್ನೋ? ಅಂವ ಸಾಲಿ ಕಟ್ಟಿ ಹತ್ತಿದಾಂವಲ್ಲ."

ಸಭೆ ಸಿಡಿಯಿತು. ಅಂಥ ನಗುವನ್ನು ನಾನು ಪುಣೆಯಲ್ಲೂ ಕಂಡಿಲ್ಲ, ಮುಂಬಯಿಯಲ್ಲೂ ಕಂಡಿಲ್ಲ. ಹುಡುಗರು ಬೆಂಚಿನ ಮೇಲೆ ಹತ್ತಿ ಕುಣಿದರು. ಇದೆಲ್ಲ ಮೊದಲೇ ಕಲಿಸಿ ತಂದದ್ದು ಎಂದುಕೊಂಡು ಪ್ರಿನ್ಸಿಪಾಲರು ನನ್ನತ್ತ ಹೆಬ್ಬೆರಳು ಎತ್ತಿ ತೋರಿಸಿದರು. ಅವ್ವ ಮಾತ್ರ ನಿಂತೇ ಇದ್ದಳು. ಅವಳು ನಗಿಸಲು ಕೇಳಿರಲಿಲ್ಲ, ಉತ್ತರಕ್ಕೆ ನಿಂತಿದ್ದಳು.

ನಗು ಏರಿದಾಗ ಮಾತಾಡಬಾರದು, ಅದು ಇಳಿಯುವ ತನಕ ತಡೆಯಬೇಕು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ನಾನು ತಡೆದೆ. ಅವ್ವನ ಮುಖ ನೋಡುತ್ತ, ಮೈಕಿನ ಮೇಲೆ ಬೆರಳಿಟ್ಟು, ನಗು ಇಳಿಯುವುದನ್ನು ಕಾದೆ. ನಾಲಿಗೆಯ ತುದಿಗೆ ನಮ್ಮಪ್ಪ ಶಿದ್ರಾಯನ ಹೆಸರು ಬಂದಿತ್ತು. ಆದರೆ ನಗು ಇಳಿಯುವ ಹೊತ್ತಿಗೆ ಅದಕ್ಕಿಂತ ಚುರುಕಾದ ಮಾತು ಸಿಕ್ಕಿಬಿಟ್ಟಿತು.

"ನೋಡ್ರಿ," ಅಂದೆ ಮರಾಠಿಯಲ್ಲಿ, "ವರ್ಷಪೂರ್ತಿ ಗೈರುಹಾಜರಿ ಇದ್ದವರು ಹಿಂದಿನ ಬೆಂಚಿನಾಗ ಕುಂತು ಹಿಂಗಽ ಒದರತಾರ."

ಮತ್ತೆ ಸಿಡಿಯಿತು. ಅವ್ವ ಸೆರಗು ಮುಂದಕ್ಕೆ ಎಳೆದುಕೊಂಡು ಕೂತಳು. ನಾನು ರಜಾ ಅರ್ಜಿ ಓದಿ ಮುಗಿಸಿದೆ.

ಆಮೇಲೆ ಫೇಟಾ ಸುತ್ತಿದರು, ಶಾಲು ಹೊದಿಸಿದರು. ಅಪ್ಪಾಸಾಹೇಬ ಮಾಸ್ತರರು ಅಧ್ಯಕ್ಷ ಭಾಷಣದಲ್ಲಿ ನನ್ನ ಬೆನ್ನು ತಟ್ಟಿ, "ಇವರ ತಂದೆಯಂಥಾ ಶಿಸ್ತಿನ ಗುರುಗಳು ಈಗ ಎಲ್ಲಿ ಸಿಗತಾರ?" ಎಂದರು. ಪಕ್ಕದಲ್ಲಿ ಅಣ್ಣಾರಾಯ ಜರಿಯ ಕಂಬಳಿಯೊಳಗೆ ಮುಖ ತಗ್ಗಿಸಿ ನಿಂತಿದ್ದ. ನನಗೆ ಅವನ ಮೇಲೆ ಎಂಥ ತಿರಸ್ಕಾರ ಬಂತೆಂದರೆ, ಅಲ್ಲೇ ಕೆನ್ನೆಗೆ ಬಾರಿಸಬೇಕೆನಿಸಿತು. ತಲೆ ಎತ್ತಿದಾಗ ಅವನೂ ನನ್ನನ್ನು ಹಾಗೇ ನೋಡಿದ.

ಕೆಳಗಿಳಿದು ಹೆಂಗಸರ ಕಡೆ ಓಡಿದೆ. ಆರನೆಯ ಸಾಲು ಖಾಲಿಯಾಗಿತ್ತು. ಸುಮನ ಮೇಡಂ ಕುರ್ಚಿ ಎತ್ತಿಸುತ್ತಿದ್ದರು.

"ನಮ್ಮವ್ವ ಎಲ್ಲಿ ಮೇಡಂ?"

"ಹ್ವಾದ್ರಲ್ರಿ ಸರ್, ಆಗಲೇ. ಜೀಪ್ ಬ್ಯಾಡಂದ್ರು. ಬಸ್ ಹಿಡಿತೀನಿ ಅಂತ ನಡಕೊಂತ ಹ್ವಾದ್ರು." ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಭಾಳ ಚಾಷ್ಟಿ ಮಾಡತಾರ್ರಿ ನಿಮ್ಮ ತಾಯಿ. ನಿಮಗಿಂತ ಒಂದು ಕೈ ಹೆಚ್ಚಽ. ನಿಮ್ಮ ಕಾರ್ಯಕ್ರಮ ಮುಗದ ಮ್ಯಾಲ ಬಾಜೂಕಿನಾಕಿ, 'ನಿಮ್ಮ ಮಗ ಏನ್ರಿ ಅವರು?' ಅಂತ ಕೇಳಿದ್ಲು. ಅದಕ್ಕ ಏನಂದ್ರು ಗೊತ್ತೇನ್ರಿ? 'ಅಲ್ಲ ಬಿಡವ್ವಾ. ಇಂವ ಯಾರೋ ಮಾಸ್ತರನ ಮಗ,' ಅಂದ್ರು. ಮಾರಿ ಮ್ಯಾಲ ಒಂದೀಟೂ ನಗು ಇಲ್ಲ. ನಾವೆಲ್ಲ ಬಿದ್ದು ಬಿದ್ದು ನಕ್ಕಿವ್ರಿ."

ನಾನೂ ನಕ್ಕೆ. ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು.